ಎಳೆಯ ಪ್ರಾಯದ ತಾಯಿಯೂ ಅವಳ ಮನೆಯವರೂ

ಈ ತಿಂಗಳ ಪಾಠವು ಹದಿನೆಂಟು ವರುಷ ತುಂಬುವದಕ್ಕೆ ಮುಂಚೆ ತಾಯಿಯಾಗುವ ಹುಡುಗಿಯರನ್ನು ಕುರಿತದ್ದಾಗಿದೆ. ಗಂಡಸರೂ ಹೆಂಗಸರೂ ಮಕ್ಕಳೂ ಕೂಡಿ ಓದುವ ಪತ್ರಿಕೆಯಲ್ಲಿ ಇಂಥಾ ಸಂಗತಿಯನ್ನು ಎತ್ತುವದು ಮರ್ಯಾದೆಯೋ ಎಂದು ಕೆಲವು ಹಿರಿಯರು ಕೇಳಾರು. ಆದರೆ ಹಳ್ಳಿಗಳಲ್ಲಿ ನಾವು ಕಂಡ ಮಟ್ಟಿಗೆ ಈ ವಿಷಯದಲ್ಲಿ ಕೇಡು ಹುಟ್ಟುವದು ಮಾತಿನಿಂದಲ್ಲ, ಮಾತಾಡದೆ ಇರುವದರಿಂದಲೇ. ಹುಡುಗಿಯು ತಾಯಿಗೆ ಹೇಳುವದಕ್ಕೆ ಎರಡು ತಿಂಗಳು ಅಳುಕುತ್ತಾಳೆ. ತಾಯಿಯು ತಂದೆಗೆ ಹೇಳುವದಕ್ಕೆ ಇನ್ನೊಂದು ತಿಂಗಳು ಕಳೆಯುತ್ತದೆ. ತಂದೆಯು ಬಂಧುಗಳ ಸಂಗಡ ಆಲೋಚನೆಮಾಡಿ ಆಸ್ಪತ್ರೆಗೆ ಹೋಗೋಣವೆನ್ನುವಷ್ಟರಲ್ಲಿ ಆರೇಳು ತಿಂಗಳು ತುಂಬಿರುತ್ತವೆ. ಎಳೆಯ ತಾಯಿಗೆ ಬರುವ ಅಪಾಯಗಳಲ್ಲಿ ಹೆಚ್ಚಿನವು ಹೊತ್ತಿಗೆ ಸರಿಯಾಗಿ ತಿಳಿದರೆ ತಡೆಯತಕ್ಕವುಗಳೇ. ತಡವಾದಾಗಲೇ ಅವು ಕೊಲ್ಲುತ್ತವೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಪ್ರಿಯ ವಾಚಕರನ್ನು ಬೇಡುತ್ತೇವೆ.

ಬಾಲ್ಯವಿವಾಹವು ಬೇರೆಯವರ ವಾಡಿಕೆ, ನಮ್ಮ ಸಭೆಗಳಲ್ಲಿ ಇಲ್ಲವೆಂದು ಕೆಲವರು ಹೇಳುವದುಂಟು. ಆದರೆ ೧೮೭೨ನೇ ಇಸವಿಯ ಕ್ರೈಸ್ತ ವಿವಾಹದ ಕಾನೂನು ದೇಶೀಯ ಕ್ರೈಸ್ತರಿಗೆ ಮೊದಲು ಗೊತ್ತುಮಾಡಿದ್ದ ಪ್ರಾಯವಾದರೂ ಎಷ್ಟು? ಗಂಡಿಗೆ ಹದಿನಾರು, ಹೆಣ್ಣಿಗೆ ಹದಿಮೂರು. ಅದು ಬರಬರುತ್ತಾ ಏರಿ, ೧೯೭೮ರ ತಿದ್ದುಪಡಿಯಿಂದ ಇಪ್ಪತ್ತೊಂದೂ ಹದಿನೆಂಟೂ ಆಯಿತು. ಮೈಸೂರು ಸಂಸ್ಥಾನದಲ್ಲಿ ೧೮೯೪ರಲ್ಲಿ ಹೊರಟ ನಿಬಂಧನೆಯು ಎಂಟು ವರುಷಕ್ಕೆ ಕೆಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯಿತು. ಆಗ ಅಷ್ಟೇ ದೊಡ್ಡ ಸಂಗತಿಯಾಗಿತ್ತು. ಹರಬಿಲಾಸ ಶಾರದಾ ಎಂಬವರ ಹೆಸರಿನಿಂದ ಪ್ರಸಿದ್ಧವಾದ ೧೯೨೯ರ ಕಾನೂನು ಹೆಣ್ಣಿಗೆ ಹದಿನಾಲ್ಕನ್ನು ಗೊತ್ತುಮಾಡಿತು. ೧೯೪೯ರಲ್ಲಿ ಹದಿನೈದು, ೧೯೭೮ರಲ್ಲಿ ಹದಿನೆಂಟು. ೨೦೦೬ರಲ್ಲಿ ಬಾಲ್ಯವಿವಾಹ ನಿಷೇಧದ ಹೊಸ ಕಾನೂನು ಹುಟ್ಟಿತು. ೨೦೧೬ರ ಕರ್ನಾಟಕದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹವು ಮೊದಲಿನಿಂದಲೇ ಮದುವೆಯಲ್ಲ.

ಇಷ್ಟಾದಾಗ್ಯೂ ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಂಡದ್ದೇನಂದರೆ, ಕರ್ನಾಟಕದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕರ ಪ್ರಾಯದ ಹೆಂಗಸರೊಳಗೆ ನೂರಕ್ಕೆ ೨೧.೩ ಮಂದಿ ಹದಿನೆಂಟಕ್ಕೆ ಮುಂಚೆ ಮದುವೆಯಾದವರು. ಐದು ವರುಷ ಹಿಂದಿನ ಸಮೀಕ್ಷೆಯಲ್ಲಿ ಅದು ೨೧.೪ ಆಗಿತ್ತು. ಕಾನೂನು ಮುಂದಕ್ಕೆ ನಡೆದಿದೆ. ಚಪ್ಪರವು ನಿಂತಲ್ಲೇ ನಿಂತಿದೆ. ಹದಿನೈದರಿಂದ ಹತ್ತೊಂಭತ್ತರ ಪ್ರಾಯದಲ್ಲಿ ಆಗಲೇ ತಾಯಂದಿರಾಗಿದ್ದವರು ಇಲ್ಲವೆ ಗರ್ಭಿಣಿಯರಾಗಿದ್ದವರು ನಮ್ಮ ರಾಜ್ಯದಲ್ಲಿ ನೂರಕ್ಕೆ ೫.೪, ಹಿಂದೆ ೭.೮ ಇದ್ದದ್ದು ಇಳಿದಿರುವದು ಸಂತೋಷದ ಮಾತು. ಆದಾಗ್ಯೂ ಪ್ರತಿ ಇಪ್ಪತ್ತು ಹುಡುಗಿಯರಲ್ಲಿ ಒಬ್ಬಳು ಎಂದರೆ, ಯಾವ ಊರೂ ತನ್ನಲ್ಲಿ ಇಲ್ಲವೆನ್ನಲಾರದು.

ಈಗ ದೇಹದ ಸಂಗತಿ. ಹುಡುಗಿಯು ಮೈನೆರೆದೊಡನೆ ಹೆಂಗಸಾದಳೆಂದು ನಮ್ಮ ಜನರು ಎಣಿಸುತ್ತಾರೆ. ಇದು ತಪ್ಪು ಎಣಿಕೆ. ಮೈನೆರೆಯುವದು ಬೆಳವಣಿಗೆಯ ನಡುದಾರಿಯೇ ಹೊರತು ಕೊನೆಯಲ್ಲ. ಆ ಮೇಲೆಯೂ ಕೆಲವು ವರುಷ ಅವಳ ಎತ್ತರ ಹೆಚ್ಚುತ್ತದೆ. ಎತ್ತರ ನಿಂತ ಮೇಲೂ ಸೊಂಟದ ಎಲುಬುಗಳು ಮೆಲ್ಲಮೆಲ್ಲನೆ ಅಗಲವಾಗುತ್ತಾ ಹೋಗುತ್ತವೆ. ಕೂಸು ಹೊರಗೆ ಬರುವ ದಾರಿಯು ಆ ಎಲುಬುಗಳ ನಡುವೆಯೇ ಇರುವದು. ಬಾಗಿಲನ್ನು ಪೂರಾ ಇಡುವದಕ್ಕೆ ಮುಂಚೆ ಮಂಚವನ್ನು ಹೊರಗೆ ತರುವದಕ್ಕೆ ನೋಡಿದರೆ ಹೇಗೋ ಹಾಗೆಯೇ, ಎಳೆಯವಳ ಹೆರಿಗೆಯಲ್ಲಿ ಕೂಸಿನ ತಲೆಯು ದಾರಿಯಲ್ಲೇ ಸಿಕ್ಕಿಕೊಳ್ಳುವ ಭಯ ಹೆಚ್ಚು. ಸಿಕ್ಕಿಕೊಂಡ ತಲೆಯು ಒಂದೆರಡು ದಿನ ಹಾಗೆಯೇ ಒತ್ತಿಕೊಂಡಿದ್ದರೆ, ಮೂತ್ರಕೋಶಕ್ಕೂ ಪ್ರಸವದ ದಾರಿಗೂ ನಡುವೆ ಇರುವ ಮಾಂಸವು ರಕ್ತವಿಲ್ಲದೆ ಸತ್ತು ಅಲ್ಲಿ ತೂತು ಬೀಳುತ್ತದೆ. ಕೂಸು ಹೆಚ್ಚಾಗಿ ಸತ್ತೇ ಹುಟ್ಟುತ್ತದೆ. ತಾಯಿ ಬದುಕಿದರೂ ಆ ದಿನ ಮೊದಲುಗೊಂಡು ಮೂತ್ರವನ್ನು ತಡೆಯಲಾರದೆ, ವಾಸನೆಯ ದೆಸೆಯಿಂದ ಗಂಡನ ಮನೆಯಲ್ಲಿಯೂ ತವರಿನಲ್ಲಿಯೂ ನಿಲ್ಲಲಾರದೆ ಹೋಗುತ್ತಾಳೆ. ಇದು ಶಾಪವಲ್ಲ, ಪಾಪದ ಫಲವೂ ಅಲ್ಲ; ಶಸ್ತ್ರವೈದ್ಯದಿಂದ ಹೆಚ್ಚಾಗಿ ಗುಣವಾಗತಕ್ಕ ಗಾಯ. ಕ್ಯಾಥರೀನ್ ಹ್ಯಾಮ್ಲಿನ್ ಎಂಬ ಆಸ್ಟ್ರೇಲಿಯದ ವೈದ್ಯಳು ತನ್ನ ಗಂಡನಾದ ರೆಜಿನಾಲ್ಡನ ಸಂಗಡ ೧೯೫೯ರಲ್ಲಿ ಇಥಿಯೋಪ್ಯಕ್ಕೆ ಹೋದಾಗ ಇಂಥಾ ಗಾಯವುಳ್ಳ ಹುಡುಗಿಯರನ್ನು ಕಂಡಳು. ಅವರು ದೂರದ ಬೆಟ್ಟದ ಹಳ್ಳಿಗಳಿಂದ ಬಂದವರು; ಎಷ್ಟೋ ಮಂದಿ ಇನ್ನೂ ಬಾಲೆಯರು. ೧೯೭೪ರಲ್ಲಿ ಆ ದಂಪತಿಗಳು ಆಡಿಸ್ ಅಬಾಬಾ ಪಟ್ಟಣದಲ್ಲಿ ಈ ಗಾಯವೊಂದಕ್ಕೋಸ್ಕರವೇ ಆಸ್ಪತ್ರೆಯನ್ನು ಕಟ್ಟಿಸಿದರು. ೨೦೨೦ರಲ್ಲಿ ೯೬ನೇ ಪ್ರಾಯದಲ್ಲಿ ತೀರಿಹೋಗುವ ತನಕ ಆಕೆಯು ಆ ದೇಶವನ್ನು ಬಿಡಲಿಲ್ಲ. ಹೆರಿಗೆಯ ನೋವು ಹನ್ನೆರಡು ತಾಸಿಗೆ ಮೀರಿದರೆ ಇನ್ನು ಕಾಯಕೂಡದೆಂಬ ನಿಯಮವನ್ನು ನಮ್ಮ ಮನೆಗಳಲ್ಲಿ ಬಲ್ಲವರು ಎಷ್ಟು ಮಂದಿ? ಎಳೆಯವಳಾದರೆ ನೋವು ತೊಡಗಿದೊಡನೆಯೇ ಹೊರಡುವದು ಮೇಲು.

ಎರಡನೆಯ ಅಪಾಯವು ರಕ್ತದೊತ್ತಡದ್ದು. ಗರ್ಭಿಣಿಗೆ ಐದಾರು ತಿಂಗಳಾದ ಮೇಲೆ ಒತ್ತಡವು ೧೪೦ಕ್ಕೆ ೯೦ನ್ನು ಮುಟ್ಟಿದರೆ ಅದು ಎಚ್ಚರಿಕೆ. ತಲೆ ಒಡೆದು ಹೋಗುವಂಥಾ ನೋವು, ಕಣ್ಣು ಮಂಜಾಗುವದು, ಮುಖವೂ ಕೈಗಳೂ ಬಾತುಕೊಳ್ಳುವದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಇವು ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು. ತಡಮಾಡಿದರೆ ಮೈಯೆಲ್ಲಾ ಸೆಟೆದು ಸೆಳವು ಬರುವದು. ನಮ್ಮ ಕಡೆಯಲ್ಲಿ ಸೆಳವು ಬಂದ ಬಸುರಿಗೆ ಗಾಳಿ ಸೋಕಿತೆಂದು ಹೇಳಿ ಬೇವಿನ ಸೊಪ್ಪು ತರುವವರು ಈಗಲೂ ಇದ್ದಾರೆ. ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಮೆಗ್ನೀಸಿಯಮ್ ಸಲ್ಫೇಟ್ ಎಂಬ ಅಗ್ಗವಾದ ಔಷಧವನ್ನು ಚುಚ್ಚಿದರೆ ಸೆಳವು ಬರುವ ಸಂಭವವು ಅರ್ಧಕ್ಕಿಂತಲೂ ಕೆಳಗೆ ಇಳಿಯುವದೆಂದು, ೩೩ ದೇಶಗಳಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಸ್ಥಿರವಾಯಿತು. ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವ ಪ್ರಕಾರ ಈ ಸೆಳವೂ ಹೆರಿಗೆಯ ಮೇಲಿನ ನಂಜಿನ ಜ್ವರವೂ ಹತ್ತೊಂಭತ್ತರ ಒಳಗಿನ ತಾಯಂದಿರಿಗೆ, ಇಪ್ಪತ್ತು ದಾಟಿದವರಿಗಿಂತ ಹೆಚ್ಚಾಗಿ ಬರುತ್ತವೆ. ಅವರ ಕೂಸುಗಳು ತಿಂಗಳು ತುಂಬದೆ ಹುಟ್ಟುವದೂ ತೂಕ ಕಡಿಮೆಯಾಗಿ ಹುಟ್ಟುವದೂ ಹೆಚ್ಚು.

ತೂಕ ಕಡಿಮೆಯಾಗುವದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹದಿನಾರರ ಹುಡುಗಿಯು ತಾನೇ ಇನ್ನೂ ಬೆಳೆಯುತ್ತಿರುತ್ತಾಳೆ. ಅವಳೊಳಗಿರುವ ಕೂಸೂ ಬೆಳೆಯುತ್ತದೆ. ಒಂದೇ ತಟ್ಟೆಯ ಅನ್ನಕ್ಕೆ ಇಬ್ಬರು ಮಕ್ಕಳು. ಅದರ ಮೇಲೆ ನಮ್ಮ ದೇಶದ ಹುಡುಗಿಯರಲ್ಲಿ ರಕ್ತವೇ ಕಡಿಮೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಇಡೀ ಭಾರತದ ಹದಿನೈದರಿಂದ ಹತ್ತೊಂಭತ್ತರ ಹೆಣ್ಣುಮಕ್ಕಳೊಳಗೆ ನೂರಕ್ಕೆ ೫೯.೧ ಮಂದಿ ರಕ್ತಹೀನರು. ಹೆರಿಗೆಯಲ್ಲಿ ಆರೋಗ್ಯವಂತಳು ತಾಳಿಕೊಳ್ಳುವಷ್ಟು ರಕ್ತವು ಹೋದರೂ ರಕ್ತಹೀನಳು ತಾಳಲಾರಳು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯೂ ಗರ್ಭಿಣಿಗೆ ದಿನಕ್ಕೊಂದರಂತೆ ೧೮೦ ದಿನ, ಹೆತ್ತ ಮೇಲೆ ಪುನಃ ೧೮೦ ದಿನ ಕೊಡುವ ಕೆಂಪು ಗುಳಿಗೆಯೂ ಈ ಕೊರತೆಯನ್ನು ತುಂಬತಕ್ಕ ಕಬ್ಬಿಣದ ಗುಳಿಗೆಗಳು. ಅವುಗಳನ್ನು ತಿಂದರೆ ಮಲವು ಕಪ್ಪಾಗುವದು. ಅದಕ್ಕೆ ಹೆದರಿ ಬಿಡಕೂಡದು. ಚಹದ ಸಂಗಡ ನುಂಗಿದರೆ ಗುಳಿಗೆಯ ಬಲ ಕುಂದುತ್ತದೆ. ನಿಂಬೆಯ ನೀರಿನ ಸಂಗಡ ಮೈಗೆ ಚೆನ್ನಾಗಿ ಹತ್ತುತ್ತದೆ. ಹೆಚ್ಚು ತಿಂದರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾದೀತೆಂದು ಬಸುರಿಯ ತುತ್ತನ್ನು ಕಡಿಮೆಮಾಡುವ ಅತ್ತೆಯಂದಿರಿಗೆ ನಾವು ಏನು ಹೇಳೋಣ! ಹಾಗೆ ಮಾಡಿದರೆ ಎಲುಬಿನ ದಾರಿ ಅಗಲವಾಗುವದಿಲ್ಲ. ತಾಯಿ ಮಾತ್ರ ಸೊರಗುತ್ತಾಳೆ. ರಾಗಿ, ನುಗ್ಗೆಯ ಸೊಪ್ಪು, ಕಡಲೆಕಾಯಿ, ಮೊಟ್ಟೆ ಇವು ಹಳ್ಳಿಯಲ್ಲಿ ಸಿಕ್ಕತಕ್ಕವುಗಳೇ. ಅಂಗನವಾಡಿಯಲ್ಲಿ ಗರ್ಭಿಣಿಗೂ ಬಾಣಂತಿಗೂ ಬಿಸಿಯೂಟ ಕೊಡುವ ಮಾತೃಪೂರ್ಣವೆಂಬ ಯೋಜನೆಯು ೨೦೧೭ರಲ್ಲಿ ಹುಟ್ಟಿತು. ಆದರೆ ಎಳೆಯ ಬಸುರಿಯು ಹಗಲಲ್ಲಿ ಬೀದಿಯನ್ನು ದಾಟಿ ಅಲ್ಲಿಗೆ ಹೋಗುವದಕ್ಕೆ ನಾಚುತ್ತಾಳೆ. ಮನೆಯ ಒಬ್ಬ ಹೆಂಗಸು ಜೊತೆಯಲ್ಲಿ ಹೋದರೆ ಆ ನಾಚಿಕೆ ಅರ್ಧವಾಗುವದು.

ನಾಚಿಕೆಯ ಮಾತು ಬಂದದ್ದರಿಂದ, ನಮ್ಮ ನೆರೆಯ ತಮಿಳು ಸೀಮೆಯ ಒಂದು ಪ್ರಸಿದ್ಧವಾದ ಸಂಗತಿಯನ್ನು ಇಲ್ಲಿ ಬರೆಯುತ್ತೇವೆ. ತಿಂಡಿವನಮ್ ಎಂಬ ಊರಿನಲ್ಲಿ ಅಮೇರಿಕದ ಮಿಶನಿನ ವೈದ್ಯರಾದ ಜಾನ್ ಸ್ಕಡರ್ ಇದ್ದರು. ೧೮೯೦ರ ದಶಕದಲ್ಲಿ ಅವರ ಮಗಳು ಐಡಾ, ಇಲ್ಲಿ ಉಳಿಯುವ ಮನಸ್ಸಿಲ್ಲದೆ, ತಾಯಿಯ ಆರೈಕೆಗೋಸ್ಕರ ಮಾತ್ರ ಬಂದಿದ್ದಳು. ಒಂದೇ ರಾತ್ರಿಯಲ್ಲಿ ಮೂವರು ಗಂಡಂದಿರು, ಅವರಲ್ಲಿ ಒಬ್ಬನು ಬ್ರಾಹ್ಮಣ, ಒಬ್ಬನು ಮುಸಲ್ಮಾನ, ಒಬ್ಬರಾದ ಮೇಲೆ ಒಬ್ಬರು ಬಂದು, ಹೆರಲಾರದೆ ನರಳುವ ತಮ್ಮ ಎಳೆಯ ಹೆಂಡತಿಯರಿಗೆ ಸಹಾಯಮಾಡಬೇಕೆಂದು ಅವಳನ್ನು ಬೇಡಿದರು. ನನಗೆ ವೈದ್ಯವು ತಿಳಿಯದು, ನನ್ನ ತಂದೆ ಬರುವರೆಂದು ಅವಳು ಹೇಳಲಾಗಿ, ಪರಪುರುಷನು ನಮ್ಮ ಹೆಂಗಸರನ್ನು ನೋಡಕೂಡದೆಂದು ಮೂವರೂ ಹಿಂದಿರುಗಿದರು. ಬೆಳಗಾದಾಗ ಮೂವರು ಹೆಂಗಸರೂ ಸತ್ತಿದ್ದರು. ಐಡಾ ತನ್ನ ದೇಶಕ್ಕೆ ಹೋಗಿ ವೈದ್ಯವನ್ನು ಕಲಿತು ೧೮೯೯ರಲ್ಲಿ ಪದವಿಯನ್ನು ಹೊಂದಿ, ೧೯೦೦ರಲ್ಲಿ ತಿರಿಗಿ ಬಂದಳು; ವೆಲ್ಲೂರಿನಲ್ಲಿ ೧೯೧೮ರಲ್ಲಿ ಹೆಂಗಸರಿಗಾಗಿ ವೈದ್ಯಕೀಯ ಶಾಲೆಯನ್ನು ತೆರೆದಳು. ಕನ್ನಡ ಸೀಮೆಯಲ್ಲಿಯೂ ಹೆಂಗಸರಿಗೂ ಮಕ್ಕಳಿಗೂ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು ೧೯೦೬ರಲ್ಲಿ, ಎವಾ ಲೊಂಬಾರ್ಡ್ ಎಂಬ ವೈದ್ಯಳ ಕೈಯಿಂದ ಉಡುಪಿಯ ಆಸ್ಪತ್ರೆಯು ೧೯೨೩ರಲ್ಲಿ ಹುಟ್ಟಿದವು. ವಾಚಕರು ಲಕ್ಷ್ಯವಿಡಬೇಕಾದದ್ದೇನಂದರೆ, ಆ ರಾತ್ರಿ ತಿಂಡಿವನಮಿನಲ್ಲಿ ವೈದ್ಯನು ದೂರವಿರಲಿಲ್ಲ. ಮನೆಯ ಹೊಸ್ತಿಲೇ ದೂರವಾಗಿತ್ತು.

ಈಗ ದಾರಿಗಳುಂಟು, ೧೦೮ಕ್ಕೆ ಕರೆದರೆ ಬಂಡಿ ಬರುತ್ತದೆ, ಆಶಾ ಕಾರ್ಯಕರ್ತೆಯು ಮನೆಯ ಬಾಗಿಲಿಗೇ ಬರುತ್ತಾಳೆ. ಆದರೆ ಹೊಸ್ತಿಲು ಬೇರೆ ರೂಪದಲ್ಲಿ ಹಾಗೆಯೇ ಇದೆ. ಹದಿನೆಂಟರ ಒಳಗಿನ ಹುಡುಗಿಯು ಗರ್ಭಿಣಿಯಾಗಿ ಬಂದರೆ, ಮಕ್ಕಳ ರಕ್ಷಣೆಗೋಸ್ಕರ ೨೦೧೨ರಲ್ಲಿ ಆದ ಪೋಕ್ಸೊ ಕಾನೂನಿನ ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಹೆಂಡತಿಯೇ ಆಗಿದ್ದರೂ ಹದಿನೆಂಟರ ಒಳಗಿದ್ದರೆ ಅಪರಾಧವು ಅಪರಾಧವೇ ಎಂದು ೨೦೧೭ರ ಅಕ್ಟೋಬರಿನಲ್ಲಿ ಸುಪ್ರೀಮ್ ಕೋರ್ಟು ತೀರ್ಪು ಕೊಟ್ಟಿತು. ಹುಡುಗಿಯನ್ನು ಕಾಪಾಡುವದೇ ಈ ಕಾನೂನಿನ ಉದ್ದೇಶ. ಅದು ಒಳ್ಳೇದೆಂದೇ ನಾವು ಎಣಿಸುತ್ತೇವೆ, ಯಾಕಂದರೆ ಇಂಥಾ ಎಷ್ಟೋ ಬಸುರುಗಳ ಹಿಂದೆ ಒಬ್ಬ ದೊಡ್ಡವನ ವಂಚನೆಯೋ ಬಲಾತ್ಕಾರವೋ ಇರುತ್ತದೆ. ಆದರೆ ಕಾನೂನಿಗೆ ಹೆದರಿದ ಮನೆಯವರು ಮಾಡುವದನ್ನು ನೋಡಿರಿ. ಕೆಲವರು ಹುಡುಗಿಯನ್ನು ದೂರದ ಬಂಧುಗಳ ಮನೆಯಲ್ಲಿ ಅಡಗಿಸುತ್ತಾರೆ. ಕೆಲವರು ಹತ್ತೊಂಭತ್ತೆಂದು ಸುಳ್ಳು ಪ್ರಾಯವನ್ನು ಬರೆಯಿಸುತ್ತಾರೆ. ಆಗ ವೈದ್ಯಳು ಹದಿನೈದರವಳಲ್ಲಿ ನೋಡಬೇಕಾದ ಎಚ್ಚರಿಕೆಗಳನ್ನು ನೋಡದೆ ಬಿಟ್ಟಾಳು. ಕೆಲವರು ಗುಟ್ಟಾಗಿ ಕಷಾಯವನ್ನೋ ಕಡ್ಡಿಯನ್ನೋ ಉಪಯೋಗಿಸಿ ಹೆಣ್ಣನ್ನೇ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಮದುವೆಮಾಡಿ ಮುಚ್ಚಿಬಿಡೋಣವೆನ್ನುತ್ತಾರೆ. ಇದು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಆಲೋಚನೆ. ಎಲ್ಲಕ್ಕಿಂತ ಬುದ್ಧಿಯಿಲ್ಲದ್ದೂ ಇದೇ. ಮದುವೆಯು ಮೊದಲನೆಯ ಅಪರಾಧವನ್ನು ಅಳಿಸದೆ ಅದರ ಸಂಗಡ ಎರಡನೆಯದನ್ನು ಕೂಡಿಸುತ್ತದೆ. ೨೦೦೬ರ ಕಾನೂನಿನ ಪ್ರಕಾರ ಅಂಥಾ ಮದುವೆಯನ್ನು ನಡಿಸಿದವನಿಗೂ ಮಾಡಿಸಿದವನಿಗೂ ಎರಡು ವರುಷದ ತನಕ ಕಠಿಣ ಸೆರೆಯೂ ಒಂದು ಲಕ್ಷ ರೂಪಾಯಿಯ ತನಕ ದಂಡವೂ ಉಂಟು. ಇದರಲ್ಲಿ ತಂದೆತಾಯಿಗಳು ಮಾತ್ರವಲ್ಲ, ಪುರೋಹಿತನೂ ಕಾಜಿಯೂ ಪಾದ್ರಿಯೂ ನಮ್ಮಂಥಾ ಉಪದೇಶಿಗಳೂ ಸೇರಿದವರೇ. ಮದುವೆಯ ಪ್ರಕಟನೆಯನ್ನು ಓದುವದಕ್ಕೆ ಮುಂಚೆ ಜನನದ ಪತ್ರವನ್ನೋ ಶಾಲೆಯ ದಾಖಲೆಯನ್ನೋ ಕೈಯಲ್ಲಿ ಹಿಡಿದು ನೋಡಬೇಕು. ನಮ್ಮ ಹುಡುಗಿ ದೊಡ್ಡವಳಾಗಿ ಕಾಣುತ್ತಾಳೆಂಬ ಮಾತು ದಾಖಲೆಯಲ್ಲ.

ಹಾಗಾದರೆ ಮಾಡುವದೇನು? ಕಾನೂನು ಹೇಗಾದರೂ ನಡೆಯಲಿ, ಪ್ರಾಯ ಕಡಿಮೆಯೆಂಬ ಕಾರಣದಿಂದ ಯಾವ ಸರಕಾರೀ ಆಸ್ಪತ್ರೆಯೂ ಗರ್ಭಿಣಿಯನ್ನು ನೋಡದೆ ಕಳುಹಿಸಕೂಡದು. ತಿಳಿದ ದಿನವೇ ಅವಳನ್ನು ಕರಕೊಂಡು ಹೋಗಿ, ನಿಜವಾದ ಪ್ರಾಯವನ್ನು ಹೇಳಿ, ತಾಯಿ ಕಾರ್ಡನ್ನು ಮಾಡಿಸಬೇಕು. ತೂಕ, ರಕ್ತ, ಒತ್ತಡ, ಮೂತ್ರ, ಈ ನಾಲ್ಕನ್ನು ಪ್ರತಿಸಲವೂ ನೋಡಿಸಬೇಕು. ತಿಂಗಳ ಒಂಭತ್ತನೇ ತಾರೀಕಿನಲ್ಲಿ ಸರಕಾರೀ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರೇ ಪರೀಕ್ಷಿಸುವ ಏರ್ಪಾಡು ೨೦೧೬ರಿಂದ ಉಂಟು. ಗರ್ಭವನ್ನು ಮುಂದುವರಿಸಲಾರೆನೆಂದು ಹುಡುಗಿಯು ಹೇಳಿದರೆ ಆ ಮಾತೂ ಅರ್ಹ ವೈದ್ಯರ ಮುಂದೆಯೇ ಆಗಬೇಕು, ಬೇಗನೆ ಆಗಬೇಕು. ಅಂಥಾ ಸಂದರ್ಭದಲ್ಲಿ ಬಾಲೆಯ ಹೆಸರನ್ನು, ಅವಳೂ ಅವಳ ಪೋಷಕರೂ ಬೇಡಿಕೊಂಡರೆ, ವೈದ್ಯರು ಪೊಲೀಸರಿಗೆ ಹೇಳಬೇಕಾಗಿಲ್ಲವೆಂದು ೨೦೨೨ರ ಸೆಪ್ಟೆಂಬರಿನಲ್ಲಿ ಸುಪ್ರೀಮ್ ಕೋರ್ಟು ತಿಳಿಸಿದೆ. ಹುಡುಗಿಯು ಮನೆಯವರಿಗೇ ಹೆದರುವವಳಾದರೆ ೧೦೯೮ ಎಂಬ ಮಕ್ಕಳ ಸಹಾಯವಾಣಿಗೆ ಕರೆಯಬಹುದು. ನಮ್ಮ ರವಿವಾರದ ಶಾಲೆಯ ಗೋಡೆಯ ಮೇಲೆ ಈ ನಾಲ್ಕು ಅಂಕೆಗಳನ್ನು ಸುಣ್ಣದಿಂದ ಬರೆದಿಟ್ಟರೆ ಖರ್ಚೇನೂ ಇಲ್ಲ.

ಹೆರಿಗೆಯಾದ ಮೇಲೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಎಳೆಯ ತಾಯಿಗೆ ಆಗಲೇ ಎರಡನೆಯ ಕಷ್ಟವು ತೊಡಗುವದು. ಬಾಣಂತಿಯ ಕೋಣೆಯಲ್ಲಿ ಅವಳಿಗೆ ಬಾಯಿಲ್ಲ. ಮೂವತ್ತರ ಹೆಂಗಸು ನನಗೆ ಬಾಯಾರಿಕೆಯೆಂದು ಜಗಳವಾಡಿಯಾದರೂ ನೀರು ಕುಡಿದಾಳು. ಹದಿನಾರರವಳು ಕೊಟ್ಟಷ್ಟನ್ನೇ ಕುಡಿದು ಸುಮ್ಮನಿರುತ್ತಾಳೆ. ಸೊಪ್ಪು ಶೀತ, ಬೇಳೆ ವಾಯು, ಹಣ್ಣು ನಂಜು ಎಂದು ಬರೀ ಬಿಳೀ ಅನ್ನವನ್ನೂ ಮೆಣಸಿನ ಸಾರನ್ನೂ ಕೊಡುವ ಪಥ್ಯದಿಂದ ತಾಯಿಯ ಹಾಲಿನಲ್ಲಿ ಥಯಮಿನ್ ಎಂಬ ಜೀವಸತ್ವವು ಕಡಿಮೆಯಾಗಿ, ಒಂದೆರಡು ತಿಂಗಳ ಕೂಸುಗಳು ಫಕ್ಕನೆ ಉಸಿರುಕಟ್ಟಿ ಆಸ್ಪತ್ರೆಗೆ ಬಂದದ್ದನ್ನು ನಮ್ಮ ಕರ್ನಾಟಕದ ವೈದ್ಯರೇ ಕಂಡು ಬರೆದಿದ್ದಾರೆ. ಆ ಸತ್ವವನ್ನು ಚುಚ್ಚಿದೊಡನೆ ಕೂಸುಗಳು ಚೇತರಿಸಿಕೊಂಡವು. ಅಜ್ಜಿಯರ ಪ್ರೀತಿಯನ್ನು ನಾವು ಹಳಿಯುವದಿಲ್ಲ. ಎಣ್ಣೆನೀರು ಹಾಕಿ ಸೊಂಟಕ್ಕೆ ಬಟ್ಟೆ ಕಟ್ಟುವ ಅವರ ಕೈಯಿಲ್ಲದಿದ್ದರೆ ಎಳೆಯ ತಾಯಿ ಇನ್ನೂ ಬಡವಾದಾಳು. ಪಥ್ಯವನ್ನು ಮಾತ್ರ ಬಿಡಬೇಕು. ಹೆತ್ತ ಒಂದು ತಾಸಿನೊಳಗೆ ಮೊಲೆಯೂಡಿಸಬೇಕು. ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲಕೂಡದು. ಆರು ತಿಂಗಳ ತನಕ ಕೂಸಿಗೆ ಅದರ ಹೊರತು ನೀರೂ ಬೇಡ, ಜೇನೂ ಬೇಡ. ಎರಡೂವರೆ ಕಿಲೋ ತೂಗದ ಕೂಸನ್ನು ಬಟ್ಟೆಯಿಲ್ಲದೆ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡಿರುವದು ಒಳ್ಳೇದು. ಕೊಲಂಬಿಯಾ ದೇಶದ ಬೊಗೊಟಾ ಪಟ್ಟಣದಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ೧೯೭೮ರಲ್ಲಿ ತೊಡಗಿದ ಈ ಪದ್ಧತಿಯನ್ನು ಈಗ ದೊಡ್ಡ ಆಸ್ಪತ್ರೆಗಳೂ ಅನುಸರಿಸುತ್ತವೆ. ತಾಯಿ ದಣಿದಾಗ ಗಂಡನೂ ಅಜ್ಜಿಯೂ ಹಾಗೆ ಕಟ್ಟಿಕೊಳ್ಳಬಹುದು.

ಅವಳ ಮನಸ್ಸಿನ ಸಂಗತಿಯನ್ನು ಸಹ ನೋಡಬೇಕು. ಜೊತೆಯ ಹುಡುಗಿಯರು ಜಡೆ ಹಾಕಿಕೊಂಡು ಶಾಲೆಗೆ ಹೋಗುವದನ್ನು ಅವಳು ಕಿಟಿಕಿಯಿಂದ ನೋಡುತ್ತಾಳೆ. ಕೂಸು ಅತ್ತಾಗ ಅವಳೂ ಅಳುತ್ತಾಳೆ. ಮೊದಲ ವಾರದ ಅಳುವು ಅನೇಕರಿಗೆ ಬಂದು ತಾನೇ ಹೋಗುವದು. ಎರಡು ವಾರ ಮೀರಿಯೂ ಊಟನಿದ್ರೆಗಳು ಸೇರದೆ, ಕೂಸಿನ ಮುಖವನ್ನು ನೋಡುವದಕ್ಕೂ ಮನಸ್ಸಿಲ್ಲದೆ ಕೂತಿದ್ದರೆ ಅದು ಸೋಮಾರಿತನವಲ್ಲ, ವೈದ್ಯರಿಗೆ ತೋರಿಸತಕ್ಕ ರೋಗ. ಆ ಹೊತ್ತಿನಲ್ಲಿ ಸಭೆಯ ಹೆಂಗಸರು ಅವಳನ್ನು ನೋಡಲು ಹೋಗುತ್ತಾರೋ, ಅವಳ ವಿಷಯವನ್ನು ನೀರಿನ ಕಟ್ಟೆಯಲ್ಲಿ ಮಾತಾಡುತ್ತಾರೋ? ಎರಡನ್ನೂ ನಾವು ಕಂಡಿದ್ದೇವೆ.

ಎರಡನೆಯ ಕೂಸಿಗೆ ಅವಸರವಿಲ್ಲ. ಹೆತ್ತ ಮೇಲೆ ಕಡಿಮೆಗೆ ಎರಡು ವರುಷವಾದರೂ ದೇಹಕ್ಕೆ ಬಿಡುವು ಬೇಕೆಂದು ವೈದ್ಯರು ಹೇಳುತ್ತಾರೆ. ಎಳೆಯವಳಿಗೆ ಅದಕ್ಕಿಂತ ಹೆಚ್ಚು ಸಿಕ್ಕಿದರೂ ಒಳ್ಳೇದು. ಇದಕ್ಕೆ ಬೇಕಾದ ಉಪಾಯಗಳನ್ನು ಉಪಕೇಂದ್ರದ ದಾದಿಯು ಕ್ರಯವಿಲ್ಲದೆ ಕೊಡುತ್ತಾಳೆ. ಗಂಡನೂ ಸಂಗಡ ಹೋಗಿ ಕೇಳಬೇಕು.

ಕೊನೆಗೆ ಶಾಲೆ. ಕೂಸಾಯಿತು, ಇನ್ನು ಓದು ಯಾತಕ್ಕೆ ಎಂಬ ಮಾತು ಪ್ರತಿ ಮನೆಯಲ್ಲಿ ಹುಟ್ಟುತ್ತದೆ. ಹತ್ತನೆಯ ತರಗತಿಯನ್ನು ಮುಗಿಸದೆ ಬಿಟ್ಟ ತಾಯಿಗೆ ಕೂಲಿಯ ಹೊರತು ಬೇರೆ ದಾರಿ ಕಡಿಮೆ, ಕೂಸು ಬೆಳೆದ ಮೇಲೆ ಅದಕ್ಕೆ ಅಕ್ಷರ ಹೇಳಿಕೊಡುವವರೂ ಇಲ್ಲ. ಶಾಲೆಗೆ ತಿರಿಗಿ ಹೋಗುವದು ಆಗದಿದ್ದರೆ ಮನೆಯಲ್ಲೇ ಓದಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪರೀಕ್ಷೆಗೆ ಕೂತುಕೊಳ್ಳಬಹುದು. ಹಾಗೆ ಕೂತುಕೊಳ್ಳಬೇಕಾದರೆ ಪುಸ್ತಕಕ್ಕಿಂತ ಮೊದಲು ಬೇಕಾದದ್ದು ದಿನಕ್ಕೆ ಎರಡು ತಾಸು ಕೂಸನ್ನು ಎತ್ತಿಕೊಳ್ಳುವ ಒಂದು ಕೈ. ಪರೀಕ್ಷೆಯ ದಿನದಲ್ಲಿ ಹಾಲನ್ನು ಮುಂಚೆ ಹಿಂಡಿ ಚೊಕ್ಕಟವಾದ ಪಾತ್ರೆಯಲ್ಲಿ ಮುಚ್ಚಿಟ್ಟರೆ ತಂಪಾದ ಕೋಣೆಯಲ್ಲಿ ನಾಲ್ಕು ತಾಸಿನ ತನಕ ಕೆಡುವದಿಲ್ಲ. ಪರೀಕ್ಷೆಯು ಮೂರೇ ತಾಸು. ಹಾಲನ್ನು ಚಮಚದಿಂದ ಕುಡಿಸುತ್ತಾ ಅವಳು ಬರುವ ತನಕ ಕೂಸನ್ನು ನೋಡಿಕೊಳ್ಳುವದಕ್ಕೆ ಅತ್ತೆಯಾದರೂ ನೆರೆಯವಳಾದರೂ ಸಾಕು.